ಗೋಡೆಗೆ ಮಡಚುವ ಮಂಚ: ಕಾರವಾರದಲ್ಲಿ ಮೂರು ಮಳೆಗಾಲ ಕಳೆದ ಮೇಲೆ

ಗೋಡೆಗೆ ಎತ್ತಿ ನಿಲ್ಲಿಸುವ ಡಬಲ್ ಮಂಚ, ಅದರ ಬೆನ್ನಲ್ಲೇ ಬಿಚ್ಚಿಕೊಳ್ಳುವ ಮೇಜು, ಅಕ್ಕಪಕ್ಕ ಎರಡು ಕಪಾಟು. ಎಲ್ಲವೂ 18 ಮಿ.ಮೀ. ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ ಮಾಡಿದ ಹಲಗೆ), ಬಿಡಿಬಿಡಿಯಾಗಿ ಬರುವ ಕಿಟ್. ಇಟ್ಟದ್ದು ಕಾರವಾರದ ಕೋಡಿಬಾಗದ 10×11 ಅಡಿ ಕೋಣೆಯಲ್ಲಿ. ಜಾಗ ಉಳಿಸುವ ಲೆಕ್ಕದಲ್ಲಿ ದೂರಲು ಏನೂ ಇಲ್ಲ. ತೊಂದರೆ ಇರುವುದು ಸಾಮಾನಿನಲ್ಲಿ. ಇದು ಕಡಲ ಗಾಳಿ ಕಂಡು ಮಾಡಿದ್ದಲ್ಲ.

ಮೊದಲು ಕೈಕೊಡುವುದು ಬೋರ್ಡ್ ಅಲ್ಲ, ಗ್ಯಾಸ್ ಸ್ಟ್ರಟ್, ಅಂದರೆ ಮಂಚ ಎತ್ತಲು ಎರಡೂ ಬದಿಗಿರುವ ಗ್ಯಾಸ್ ತುಂಬಿದ ಕೊಳವೆ. ಉಪ್ಪುಗಾಳಿಗೆ ಅದರ ರಾಡಿನ ಮೇಲೆ ಸಾಸಿವೆಯಷ್ಟು ತುಕ್ಕಿನ ಚುಕ್ಕೆ ಏಳುತ್ತದೆ. ಮಂಚ ಎತ್ತಿದಾಗೆಲ್ಲ ಆ ಚುಕ್ಕೆ ಒಳಗಿನ ಸೀಲನ್ನು ಕೆರೆದು ಗ್ಯಾಸ್ ಸೋರುತ್ತದೆ. ಒಂದು ಬದಿ ಸೋತರೆ ಮಂಚ ಓರೆಯಾಗಿ ಇಳಿಯುತ್ತದೆ. ಬದಲಿಸುವಾಗ ಎರಡನ್ನೂ ಒಟ್ಟಿಗೇ ಬದಲಿಸಿ. ಹಳೆಯದರ ಮೇಲೆ ಬರೆದ ನ್ಯೂಟನ್ ಅಂಕಿಯೇ (ತಳ್ಳುವ ಬಲದ ಅಳತೆ) ಇರಲಿ. ಹೆಚ್ಚಿನದು ಹಾಕಿದರೆ ಮಂಚ ಕೆಳಗೆ ನಿಲ್ಲುವುದಿಲ್ಲ. ತಿಂಗಳಿಗೊಮ್ಮೆ ರಾಡ್ ಒರೆಸಿ ಸಿಲಿಕಾನ್ ಸ್ಪ್ರೇ ಹೊಡೆಯಿರಿ. ತೆಂಗಿನೆಣ್ಣೆ ಸವರುವವರಿದ್ದಾರೆ, ಅದು ಅಂಟಾಗಿ ಧೂಳು ಹಿಡಿಯುತ್ತದೆ.

ಎರಡನೆಯದು ಗೋಡೆ. ಕಿಟ್ಟಿನ ಪ್ಲಾಸ್ಟಿಕ್ ಪ್ಲಗ್ ಕಾಂಕ್ರೀಟಿಗೆ ಸರಿ, ಇಲ್ಲಿನ ಗೋಡೆಯ ಚಿರೆಕಲ್ಲಿಗೆ (ಕೆಂಪು ಜಂಬಿಟ್ಟಿಗೆ) ಅಲ್ಲ. ಕಲ್ಲಿನ ತುಂಬ ತೂತು. ಡ್ರಿಲ್ ಹಾಕಿದರೆ ಪುಡಿ ಉದುರಿ ರಂಧ್ರ ಅಗಲವಾಗುತ್ತದೆ, ಮಂಚ ಎಳೆದಂತೆ ಪ್ಲಗ್ ಹೊರಗೆ ಬರುತ್ತದೆ. ಡ್ರಿಲ್ಲಿನ ಹ್ಯಾಮರ್ (ಬಡಿತ) ಬಂದ್ ಮಾಡಿ ಕೊರೆಯಿರಿ, ಪುಡಿ ಊದಿ ತೆಗೆಯಿರಿ, ರಂಧ್ರಕ್ಕೆ ಜಾಳಿಗೆಯ ಕೊಳವೆ (ಮೆಶ್ ಸ್ಲೀವ್) ಹಾಕಿ ಕೆಮಿಕಲ್ ಆ್ಯಂಕರ್, ಅಂದರೆ ಬೋಲ್ಟನ್ನು ಹಿಡಿದು ಗಟ್ಟಿಯಾಗುವ ಅಂಟು, ತುಂಬಿ. ನೇರವಾಗಿ ಗೋಡೆಗೆ ಬಿಗಿಯುವ ಬದಲು ಮೊದಲು ಎರಡು ಮರದ ಪಟ್ಟಿ ಅಡ್ಡ ಹೊಡೆದು, ಮಂಚದ ಚೌಕಟ್ಟನ್ನು ಅದಕ್ಕೆ ಬಿಗಿಯುವುದು ವಾಸಿ. ಭಾರ ನಾಲ್ಕಾರು ಕಲ್ಲಿಗೆ ಹಂಚಿಹೋಗುತ್ತದೆ, ಹಿಂದೆ ಗಾಳಿಯಾಡಿ ಬೂಷ್ಟೂ ಕಡಿಮೆ.

ಬೋರ್ಡ್ ಊದಿದ್ದು ನೆಲ ಒರೆಸುವ ನೀರು ತಾಗುವ ಕೆಳ ಅಂಚಿನಲ್ಲಿ ಮಾತ್ರ, ಏಕೆಂದರೆ ಅಲ್ಲಿ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಅಂಟಿಸಿರಲೇ ಇಲ್ಲ. ನಾಲ್ಕಿಂಚಿನ ಪ್ಲಾಸ್ಟಿಕ್ ಕಾಲು ಹಾಕಿದರೆ ಈ ತಾಪತ್ರಯವಿಲ್ಲ. ಹಲಗೆಗಳನ್ನು ತಿರುಗಿಸಿ ಬಿಗಿಯುವ ಮಿನಿಫಿಕ್ಸ್ ಜೋಡಣೆ ಮತ್ತೆ ಮತ್ತೆ ಬಿಚ್ಚಿದರೆ ಸಡಿಲ. ಬಾಡಿಗೆ ಮನೆ ಬದಲಿಸುವವರಿಗೆ ಇದು ಆಗುವುದಿಲ್ಲ.

ಹೊಸದಾಗಿ ಮಾಡಿಸುವುದಾದರೆ ಮಡಚುವ ಯಂತ್ರಭಾಗ ಮಾತ್ರ ಕೊಂಡು, ಪೆಟ್ಟಿಗೆಯನ್ನು ಐಎಸ್ 710 ಗುರುತಿನ (ನೀರು ತಾಳುವ ಮರೀನ್) ಪ್ಲೈವುಡ್ಡಿನಲ್ಲಿ ಊರಿನ ಆಚಾರಿಯಿಂದ ಮಾಡಿಸಿ. ಕೀಲು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದಾದರೂ ಕಂದು ಕಲೆ ಬರುತ್ತದೆ, ಉಪ್ಪನ್ನು ಹೆಚ್ಚು ತಾಳುವ 316 ದರ್ಜೆಯದು ಸಿಕ್ಕರೆ ಒಳ್ಳೆಯದು. ಘಟ್ಟದ ಮೇಲಿನ ಶಿರಸಿಯವರಿಗೆ ಉಪ್ಪಿನ ಕಾಟವಿಲ್ಲ, ಬೂಷ್ಟಿನದು ಮಾತ್ರ ಇದ್ದೇ ಇದೆ. ಎದ್ದ ತಕ್ಷಣ ಹಾಸಿಗೆ ಮಡಚಿದರೆ ಬೆವರು ಒಳಗೇ ಉಳಿಯುತ್ತದೆ. ಆಷಾಢದಲ್ಲಿ ಒಂದು ತಾಸು ಫ್ಯಾನ್ ಹಾಕಿ ಆಮೇಲೆ ಎತ್ತಿ.