ಬ್ಲೆಡ್ಡಾ, ಬೋಹಿನ್ನಾ? ಸ್ಲೊವೇನಿಯಾದ ಆಲ್ಪ್ಸ್‌ನಲ್ಲಿ ಐದು ದಿನ

ಮ್ಯೂನಿಕ್‌ನಲ್ಲಿರುವ ನಮಗೆ ಆಲ್ಪ್ಸ್ ಅಂದ ತಕ್ಷಣ ಎಲ್ಲರೂ ಹೇಳೋದು ಸ್ವಿಟ್ಜರ್ಲೆಂಡ್. ಎರಡು ಸಲ ಹೋಗಿ, ಊಟದ ಬಿಲ್ ನೋಡಿ ಸುಸ್ತಾಗಿ ಬಂದಿದ್ದೆವು. ಈ ಸೆಪ್ಟೆಂಬರ್‌ನಲ್ಲಿ ಬೇರೆ ದಿಕ್ಕಿನ ರೈಲು ಹತ್ತಿದೆವು. ಆಸ್ಟ್ರಿಯಾ ದಾಟಿ, ಕಾರವಾಂಕೆ ಬೆಟ್ಟಸಾಲಿನ ಸುರಂಗದಿಂದ ಹೊರಗೆ ಬಂದರೆ ಸ್ಲೊವೇನಿಯಾ. ಅದರ ವಾಯವ್ಯ ಮೂಲೆಗೆ ಗೊರೆನ್ಸ್ಕಾ ಅಂತ ಹೆಸರು. ಷೆಂಗೆನ್ ವೀಸಾ ಸಾಕು, ನಡೆಯೋದು ಯೂರೋ.

ಅಲ್ಲಿಗೆ ಹೋಗುವವರಿಗೆಲ್ಲ ಇರುವ ಗೊಂದಲ ಒಂದೇ: ಬ್ಲೆಡ್ ಸರೋವರದ ಹತ್ತಿರ ಉಳಿಯೋದಾ, ಬೋಹಿನ್ ಹತ್ತಿರವಾ? ಎರಡರ ನಡುವೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನಾವು ಬ್ಲೆಡ್‌ನಲ್ಲಿ ಎರಡು ರಾತ್ರಿ, ಬೋಹಿನ್‌ನಲ್ಲಿ ಮೂರು ರಾತ್ರಿ ಇದ್ದು ನೋಡಿದೆವು. ಮೊದಲೇ ಹೇಳಿಬಿಡುತ್ತೇನೆ. ಉಳಿಯೋಕೆ ಬೋಹಿನ್, ನೋಡಿಕೊಂಡು ಬರೋಕೆ ಬ್ಲೆಡ್. ಮಳೆ ಹಿಡಿದರೆ ಮಾತ್ರ ಈ ಮಾತು ಉಲ್ಟಾ.

ಬ್ಲೆಡ್‌ನ ಫೋಟೋ ನೀವು ಖಂಡಿತ ನೋಡಿರುತ್ತೀರಿ. ನೀರಿನ ನಡುವೆ ಪುಟ್ಟ ದ್ವೀಪ, ಅದರ ಮೇಲೆ ಚರ್ಚ್, ದಡದಲ್ಲಿ 130 ಮೀಟರ್ ಎತ್ತರದ ಬಂಡೆ, ಬಂಡೆಯ ತುದಿಯಲ್ಲಿ ಕೋಟೆ. ಆ ಕೋಟೆಯ ಹೆಸರು ದಾಖಲೆಗಳಲ್ಲಿ ಮೊದಲು ಸಿಗೋದು 1011ರಲ್ಲಿ. ಫೋಟೋದಲ್ಲಿ ಇರೋ ಹಾಗೇ ಇದೆ, ಸುಳ್ಳು ಹೇಳಬಾರದು. ಬೆಳಗ್ಗೆ ಆರೂವರೆಗೆ ಸುತ್ತು ಹೊರಟಾಗ ನೀರಿನ ಮೇಲೆ ಮಂಜು, ದಾರಿಯಲ್ಲಿ ನಾವಿಬ್ಬರೇ. ಸುತ್ತಳತೆ ಆರು ಕಿಲೋಮೀಟರ್, ನಿಂತು ನಿಂತು ನಡೆದರೂ ಎರಡು ಗಂಟೆ ಸಾಕು. ಆದರೆ ಹತ್ತು ಗಂಟೆಯಾಗುತ್ತಿದ್ದ ಹಾಗೆ ಟೂರಿಸ್ಟ್ ಬಸ್ಸುಗಳು ಬಂದು ನಿಂತವು. ಆಮೇಲೆ ಜಾತ್ರೆ.

ದ್ವೀಪಕ್ಕೆ ಹೋಗೋದು ಪ್ಲೆತ್ನಾ ಅನ್ನುವ ಚಪ್ಪಟೆ ತಳದ ಮರದ ದೋಣಿಯಲ್ಲಿ. ಅಂಬಿಗ ಹಿಂದೆ ನಿಂತುಕೊಂಡೇ ಎರಡು ಹುಟ್ಟು ಹಾಕುತ್ತಾನೆ. ತಲೆಮಾರಿನಿಂದ ಬಂದ ಕಸುಬು. ನಮ್ಮ ಅಂಬಿಗ ಹುಟ್ಟು ಎಳೆದಾಗಲೆಲ್ಲ ಇಡೀ ಮೈಯನ್ನು ಮುಂದಕ್ಕೆ ಚೆಲ್ಲುತ್ತಿದ್ದ. ಮೋಟಾರಿನ ಸದ್ದಿಲ್ಲ, ನೀರು ಸೀಳುವ ಸದ್ದು ಮಾತ್ರ. ದ್ವೀಪ ಮುಟ್ಟಿದರೆ 99 ಮೆಟ್ಟಿಲು. ಮದುವೆಗೆ ಬಂದ ಗಂಡು ಹೆಣ್ಣನ್ನು ಎತ್ತಿಕೊಂಡೇ ಅಷ್ಟೂ ಮೆಟ್ಟಿಲು ಹತ್ತಬೇಕಂತೆ. ಇವರಿಗೆ ಹೇಳಿದೆ. ಸುಮ್ನೆ ಮೊಣಕಾಲು ತೋರಿಸಿದರು.

ಬ್ಲೆಡ್‌ನ ಇನ್ನೊಂದು ಹೆಸರುವಾಸಿ ಸಂಗತಿ ಕ್ರೇಮ್ನಾ ರೆಜಿನಾ. 1953ರಿಂದ ಅಲ್ಲಿ ಮಾಡುವ ಕೇಕು. ಕೆಳಗೆ ಮೇಲೆ ಗರಿಗರಿ ಪದರ, ನಡುವೆ ಹಳದಿ ಕಸ್ಟರ್ಡ್, ಅದರ ಮೇಲೆ ಬಿಳಿ ಕ್ರೀಮ್. ಏಳು ಸೆಂಟಿಮೀಟರ್ ಚೌಕ. ಫೋರ್ಕ್ ಒತ್ತಿದರೆ ಮೇಲಿನ ಪದರ ಮುರಿಯೋದಿಲ್ಲ, ಕ್ರೀಮೆಲ್ಲ ಪಕ್ಕಕ್ಕೆ ಜಾರುತ್ತದೆ. ನಾವು ಕೊನೆಗೆ ತುಂಡನ್ನು ಅಡ್ಡ ಮಲಗಿಸಿ ತಿಂದೆವು. ಇಬ್ಬರಿಗೆ ಒಂದು ಜಾಸ್ತಿಯೇ. ಮೊಟ್ಟೆ ಇದೆ, ತಿನ್ನದವರು ಗಮನಿಸಿ.

ಬೋಹಿನ್‌ನಲ್ಲಿ ದ್ವೀಪ ಇಲ್ಲ, ಕೋಟೆ ಇಲ್ಲ. ಇರೋದು ನೀರು ಮತ್ತು ಬೆಟ್ಟ. ಉದ್ದ ನಾಲ್ಕು ಕಿಲೋಮೀಟರ್‌ಗೂ ಮೇಲೆ, ಅಂದರೆ ಬ್ಲೆಡ್‌ನ ಎರಡರಷ್ಟು. ತ್ರಿಗ್ಲಾವ್ ರಾಷ್ಟ್ರೀಯ ಉದ್ಯಾನದ ಒಳಗಿರೋದರಿಂದ ದಡದ ತುಂಬ ಹೋಟೆಲ್ ಎದ್ದಿಲ್ಲ. ರಿಬ್ಚೆವ್ ಲಾಜ್ ಹಳ್ಳಿಯ ಚರ್ಚಿನ ಪಕ್ಕ ಒಂದು ಕಲ್ಲಿನ ಸೇತುವೆ ಇದೆ. ಅಲ್ಲಿ ಬಗ್ಗಿ ನೋಡಿದರೆ ಮೀನು ಮಾತ್ರವಲ್ಲ, ತಳದ ಕಲ್ಲಿನ ಮೇಲೆ ಬಿದ್ದ ಮೀನಿನ ನೆರಳೂ ಕಾಣುತ್ತದೆ. ನಾನು ಅರ್ಧ ಗಂಟೆ ಅಲ್ಲೇ ನಿಂತಿದ್ದೆ.

ಇಲ್ಲಿ ಸುತ್ತು ಹಾಕೋಕೆ 12 ಕಿಲೋಮೀಟರ್. ದಕ್ಷಿಣದ ದಡದಲ್ಲಿ ರಸ್ತೆ ಪಕ್ಕದಲ್ಲೇ ಬರುತ್ತದೆ, ಅಷ್ಟು ಮಜಾ ಇಲ್ಲ. ಉತ್ತರದ ದಡ ಪೂರ್ತಿ ಕಾಡು ಮತ್ತು ಹುಲ್ಲುಗಾವಲು. ಸಮಯ ಕಡಿಮೆಯಿದ್ದರೆ ಉತ್ತರದಲ್ಲಿ ನಡೆದು, ವಾಪಸ್ ಬಸ್ ಹಿಡಿಯಿರಿ. ಕೊನೆಯ ಬಸ್ಸಿನ ಹೊತ್ತು ಮೊದಲೇ ನೋಡಿಕೊಳ್ಳಿ. ನಾವು ನೋಡಲಿಲ್ಲ, ಕತ್ತಲಲ್ಲಿ ಕಾಲೆಳೆದುಕೊಂಡು ಬಂದೆವು.

ಹಳ್ಳಿಯಲ್ಲಿ ನಾಲ್ವರ ಪ್ರತಿಮೆ ಇದೆ, ಒಬ್ಬ ಬೆಟ್ಟದ ಕಡೆ ಕೈ ತೋರಿಸುತ್ತಾನೆ. 1778ರಲ್ಲಿ ಮೊದಲ ಸಲ ತ್ರಿಗ್ಲಾವ್ ಹತ್ತಿದವರು ಇವರು. 2864 ಮೀಟರ್, ದೇಶದಲ್ಲೇ ಎತ್ತರದ ಶಿಖರ. ತ್ರಿಗ್ಲಾವ್ ಅಂದರೆ ಮೂರು ತಲೆ. ನಮ್ಮ ತ್ರಿಶೂಲದ ತ್ರಿಯೇ ಇದು, ಭಾಷೆಗಳ ನಂಟು ಎಲ್ಲೆಲ್ಲಿಗೆ ಹೋಗುತ್ತದೆ ನೋಡಿ! ಅದನ್ನು ಹತ್ತುವ ಧೈರ್ಯ ನಮಗಿರಲಿಲ್ಲ, ವೋಗೆಲ್ ಕೇಬಲ್ ಕಾರ್‌ನಲ್ಲಿ 1535 ಮೀಟರ್‌ವರೆಗೆ ಹೋದೆವು. ಮೇಲೆ ಬರೀ ಬಿಳಿ. ಎದುರಿನ ಕಂಬವೂ ಕಾಣಲಿಲ್ಲ. ಬೆಳಗ್ಗೆ ವೆಬ್‌ಕ್ಯಾಮ್ ನೋಡಿ ಟಿಕೆಟ್ ತೆಗೆದುಕೊಂಡಿದ್ದರೆ ದುಡ್ಡು ಉಳಿಯುತ್ತಿತ್ತು. ಸವಿತ್ಸಾ ಜಲಪಾತ ಮಾತ್ರ ಮೋಡದಲ್ಲೂ ಮೋಸ ಮಾಡಲಿಲ್ಲ: 78 ಮೀಟರ್ ಧುಮುಕುವ ನೀರು, ಹತ್ತೋಕೆ ಐನೂರು ಚಿಲ್ಲರೆ ಮೆಟ್ಟಿಲು.

ಮರುದಿನ ಮಳೆ. ಬ್ಲೆಡ್‌ನಲ್ಲಾಗಿದ್ದರೆ ಕೋಟೆ, ಕೆಫೆ ಅಂತ ಕಾಲ ಕಳೆಯಬಹುದಿತ್ತು. ಬೋಹಿನ್‌ನಲ್ಲಿ ಅಂಥದ್ದೇನಿಲ್ಲ. ಕೊಡೆ ಹಿಡಿದು ಸ್ತುದೋರ್ ಹಳ್ಳಿಗೆ ಹೋದೆವು. ಅಲ್ಲಿ ಹುಲ್ಲು ಒಣಗಿಸುವ ಮರದ ಚೌಕಟ್ಟುಗಳ ಸಾಲೇ ಇದೆ. ಇಷ್ಟು ಮಳೆ ಬೀಳುವ ಕಡೆ ಹುಲ್ಲು ನೆಲದ ಮೇಲೆ ಬಿದ್ದರೆ ಕೊಳೆಯುತ್ತದೆ. ಅದಕ್ಕೇ ಅಡ್ಡಗಳುಗಳ ಮೇಲೆ ಹರಡಿ ಗಾಳಿಗೆ ಬಿಡುತ್ತಾರೆ, ಮೇಲೊಂದು ಮಾಡು. ಅದೇ ಊರಿನ ಒಂದು ಹಳೇ ಮನೆ ಈಗ ಮ್ಯೂಸಿಯಂ. ಹೊಗೆ ಹಿಡಿದು ಹಿಡಿದು ಅಡುಗೆಮನೆಯ ಚಾವಣಿ ಡಾಂಬರಿನ ಹಾಗೆ ಹೊಳೆಯುತ್ತಿತ್ತು. ತೀರ್ಥಹಳ್ಳಿಯ ನಮ್ಮಜ್ಜಿ ಮನೆಯ ಒಲೆಯ ಮೇಲಿನ ಅಟ್ಟವೂ ಹೀಗೇ ಇತ್ತು.

ಊಟಕ್ಕೆ ಎರಡೂ ಕಡೆ ಜ್ಗಾನ್ತ್ಸಿ ಸಿಗುತ್ತದೆ. ಬಕ್‌ವೀಟ್ ಅನ್ನುವ ಧಾನ್ಯದ ಹಿಟ್ಟು ಬೇಯಿಸಿ ಪುಡಿಮಾಡಿದ್ದು, ಮುದ್ದೆಗೂ ಉಪ್ಪಿಟ್ಟಿಗೂ ನಡುವಿನ ಹದ. ನೋಡಿದರೆ ಸಸ್ಯಾಹಾರ, ಆದರೆ ಮೇಲೆ ಹಂದಿ ಕೊಬ್ಬಿನ ಚೂರು ಉದುರಿಸಿರುತ್ತಾರೆ. ‘ಬ್ರೆಸ್ ಒತ್ಸ್ವಿರ್ಕೋವ್’ ಅನ್ನಿ, ಅದಿಲ್ಲದೆ ಕೊಡುತ್ತಾರೆ.

ಹಳೇ ಪೇಟೆಗಳಲ್ಲೂ ಇದೇ ಥರ ಜೋಡಿ ಇದೆ: ಷ್ಕೋಫ್ಯಾ ಲೋಕಾ, ರಾದೋವ್ಲಿತ್ಸಾ. ಇತಿಹಾಸ ಬೇಕು ಅನ್ನುವವರಿಗೆ ಲೋಕಾ. 973ರಲ್ಲಿ ಚಕ್ರವರ್ತಿ ಎರಡನೇ ಓಟೋ ಈ ನೆಲವನ್ನು ಫ್ರೈಸಿಂಗ್‌ನ ಬಿಷಪ್‌ಗೆ ಕೊಟ್ಟ. ಫ್ರೈಸಿಂಗ್ ಅಂದರೆ ಮ್ಯೂನಿಕ್ ಪಕ್ಕದ ಊರೇ, ಇವರು ವಾರಕ್ಕೆರಡು ಸಲ ಹೋಗುವ ಜಾಗ! ಅಲ್ಲಿನ ಕಲ್ಲಿನ ಸೇತುವೆ ಕಟ್ಟಿಸಿದ ಬಿಷಪ್ಪೇ, ಆಗ ಕಟಾಂಜನ ಇಲ್ಲದ್ದರಿಂದ, ಕುದುರೆ ಸಮೇತ ಹೊಳೆಗೆ ಬಿದ್ದು ಸತ್ತ ಅಂತ ಕಥೆ ಹೇಳುತ್ತಾರೆ. ಕೋಟೆ ಚೆನ್ನಾಗಿದೆ, ಪೇಟೆ ಚೆನ್ನಾಗಿದೆ. ರೈಲ್ವೆ ಸ್ಟೇಷನ್ ಮಾತ್ರ ಊರಿಂದ ದೂರ, ಬ್ಯಾಗು ಎಳೆದುಕೊಂಡು ಹೋಗುವ ಜಾಗವಲ್ಲ.

ರಾದೋವ್ಲಿತ್ಸಾ ಅರ್ಧ ಗಂಟೆಯಲ್ಲಿ ಮುಗಿದುಹೋಗುವ ಊರು. ಆದರೂ ನನ್ನ ಓಟು ಅದಕ್ಕೇ, ಅಲ್ಲಿನ ಜೇನುಸಾಕಣೆ ಮ್ಯೂಸಿಯಂಗಾಗಿ. ಈ ಸೀಮೆಯ ರೈತರು ಜೇನುಪೆಟ್ಟಿಗೆಯ ಮುಂದಿನ ಹಲಗೆಗೆ ಚಿತ್ರ ಬರೆಸುತ್ತಿದ್ದರು. ಸಾಲಾಗಿಟ್ಟ ಪೆಟ್ಟಿಗೆಗಳಲ್ಲಿ ಯಾವುದು ಯಾವುದೆಂದು ಗುರುತಿಗೆ. ಸಂತರ ಚಿತ್ರಗಳಿವೆ, ಜೊತೆಗೆ ತಮಾಷೆಯವೂ ಇವೆ. ಒಂದರಲ್ಲಿ ಸತ್ತ ಬೇಟೆಗಾರನನ್ನು ಪ್ರಾಣಿಗಳೇ ಹೊತ್ತುಕೊಂಡು ಹೋಗುತ್ತಿವೆ. ಇನ್ನೊಂದರಲ್ಲಿ ದೆವ್ವವೊಂದು ಹೆಂಗಸಿನ ನಾಲಿಗೆಯನ್ನು ಸಾಣೆಕಲ್ಲಿಗೆ ಹಿಡಿದು ಮಸೆಯುತ್ತಿದೆ. ಇವರು ನನ್ನನ್ನೇ ನೋಡಿಕೊಂಡು ಅದರ ನಕಲೊಂದನ್ನು ಕೊಂಡರು. ಈಗ ಅದು ನಮ್ಮ ಅಡುಗೆಮನೆಯಲ್ಲಿದೆ, ಈಳಿಗೆಮಣೆಯ ಮೇಲ್ಗಡೆ.