ಓಕ್ ಗ್ರೋವ್ ಡಿಸ್ಕ್ ಗಾಲ್ಫ್: ಹೊಸಬರಿಗೆ ಹಳೇ ಕೋರ್ಸೇ ಸರಿ

ಲಾಸ್ ಏಂಜಲೀಸ್ ಕಡೆ ಇರುವ ಗೆಳೆಯರು ಯಾರಾದರೂ ಡಿಸ್ಕ್ ಗಾಲ್ಫ್ ಕಲಿಯಬೇಕು ಅಂದರೆ ನಾನು ಎರಡನೇ ಮಾತಿಲ್ಲದೆ ಓಕ್ ಗ್ರೋವ್‌ಗೆ ಕಳಿಸುತ್ತೇನೆ. ಪ್ಯಾಸಡೀನಾ ಊರಿನ ವಾಯವ್ಯ ಅಂಚಿನಲ್ಲಿ, ಹಹಮಾಂಗ್ನಾ ಪಾರ್ಕಿನೊಳಗೆ, ದೊಡ್ಡ ಓಕ್ ಮರಗಳ ನೆರಳಲ್ಲಿ ಇರುವ 18 ಹೋಲ್‌ಗಳ ಕೋರ್ಸ್ ಇದು. ಆಡಲು ದುಡ್ಡು ಕೊಡಬೇಕಿಲ್ಲ. ಹಲವು ವರ್ಷಗಳಿಂದ ಇಲ್ಲಿ ಆಡುತ್ತಿದ್ದೇನೆ, ಇದಕ್ಕಿಂತ ಹೊಸ, ಉದ್ದನೆಯ ಕೋರ್ಸ್‌ಗಳಲ್ಲೂ ಆಡಿದ್ದೇನೆ. ಆದರೂ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ.

ಆಟ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಗಾಲ್ಫಿನ ಲೆಕ್ಕವೇ, ಚೆಂಡು ಕೋಲಿನ ಬದಲು ಪ್ಲಾಸ್ಟಿಕ್ ಡಿಸ್ಕ್. ಟೀ ಅನ್ನುವ ಗುರುತಿನಿಂದ ಎಸೆಯಬೇಕು, ಡಿಸ್ಕ್ ಬಿದ್ದಲ್ಲಿಂದ ಮತ್ತೆ ಎಸೆಯಬೇಕು, ಕೊನೆಗೆ ಕಂಬಕ್ಕೆ ಸರಪಳಿ ಇಳಿಬಿಟ್ಟ ಬ್ಯಾಸ್ಕೆಟ್ಟಿಗೆ ಹಾಕಬೇಕು. ಒಂದು ಟೀಯಿಂದ ಅದರ ಬ್ಯಾಸ್ಕೆಟ್ಟಿನವರೆಗಿನ ಆಟವೇ ಒಂದು ಹೋಲ್. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು.

ಈ ಕೋರ್ಸ್ ಹಳೆಯದು ಅಂದರೆ ಸುಮ್ಮನೆ ಹಳೆಯದಲ್ಲ. ಜಗತ್ತಿನ ಮೊದಲ ಶಾಶ್ವತ ಡಿಸ್ಕ್ ಗಾಲ್ಫ್ ಕೋರ್ಸೇ ಇದು. 1975ರಲ್ಲಿ ಎಡ್ ಹೆಡ್ರಿಕ್ ಇಲ್ಲಿ ಹಾಕಿದ್ದು. ಪಕ್ಕದ ಸ್ಯಾನ್ ಗೇಬ್ರಿಯಲ್‌ನಲ್ಲಿದ್ದ ವ್ಯಾಮ್-ಓ ಆಟಿಕೆ ಕಂಪನಿಯಲ್ಲಿ ಕೆಲಸ ಮಾಡಿ, ಫ್ರಿಸ್ಬೀ ನೆಟ್ಟಗೆ ಹಾರುವಂತೆ ಅದರ ಮೇಲ್ಮೈಗೆ ಗೀರುಗಳನ್ನು ಕೊಟ್ಟವರು ಅವರು. ಶುರುವಿನಲ್ಲಿ ಇಲ್ಲಿ ಬ್ಯಾಸ್ಕೆಟ್ ಇರಲಿಲ್ಲ, ಬರೀ ಕಂಬ. ಡಿಸ್ಕ್ ಕಂಬಕ್ಕೆ ತಾಗಿತೋ ಇಲ್ಲವೋ ಅಂತ ಜಗಳ ಬರುತ್ತಿತ್ತು. ಅದನ್ನು ನಿಲ್ಲಿಸಲೆಂದೇ ಹೆಡ್ರಿಕ್ ಮತ್ತು ಅವರ ಮಗ ಸೇರಿ ಸರಪಳಿ ಬ್ಯಾಸ್ಕೆಟ್ ಮಾಡಿದರು, 1977ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಇವತ್ತು ಯಾವ ದೇಶದ ಕೋರ್ಸಿಗೆ ಹೋದರೂ ಡಿಸ್ಕ್ ಬಿದ್ದಾಗ ಝಲ್ ಅನ್ನುವ ಆ ಸದ್ದು ಹುಟ್ಟಿದ್ದು ಈ ಆಟದ ಮೊದಲ ವರ್ಷಗಳಲ್ಲಿ. ಹೆಡ್ರಿಕ್ 2002ರಲ್ಲಿ ತೀರಿಕೊಂಡಾಗ ಅವರ ಇಷ್ಟದಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಡಿಸ್ಕ್ ಮಾಡಿದರು. ನಂಬಿಕೊಂಡ ಆಟದ ಮೇಲೆ ಇಷ್ಟು ಪ್ರೀತಿ ಇಟ್ಟವರು ಕಡಿಮೆ.

ಹೊಸಬರಿಗೆ ಇದು ಯಾಕೆ ಸರಿ ಅನ್ನುವುದಕ್ಕೆ ಕಾರಣ ಇಲ್ಲಿನ ಮರಗಳು. ಈ ಕೋರ್ಸ್ ಹಾಕಿದ ಕಾಲದಲ್ಲಿ ಡಿಸ್ಕ್‌ಗಳು ಈಗಿನಷ್ಟು ದೂರ ಹೋಗುತ್ತಿರಲಿಲ್ಲ. ಅಂಚು ಚೂಪಾದ ಗಾಲ್ಫ್ ಡಿಸ್ಕ್ ಬಂದದ್ದೇ 1983ರಲ್ಲಿ. ಹಾಗಾಗಿ ಹೋಲ್‌ಗಳು ಇಂದಿನ ಲೆಕ್ಕಕ್ಕೆ ಚಿಕ್ಕವು, ಮರಗಳು ಮಾತ್ರ ಬಲು ದಪ್ಪ, ಕೊಂಬೆಗಳು ಕೆಳಕ್ಕೆ ಬಾಗಿವೆ. ತೋಳಿನ ಬಲ ಇಲ್ಲಿ ಕೆಲಸಕ್ಕೆ ಬಾರದು. ಜೋರಾಗಿ ಬೀಸಿದವರ ಡಿಸ್ಕ್ ಕೊಂಬೆಗೆ ಬಡಿದು ಪಕ್ಕಕ್ಕೆ ಬೀಳುತ್ತದೆ, ತಗ್ಗಾಗಿ ನೇರ ಬಿಟ್ಟವರ ಡಿಸ್ಕ್ ಸಂದಿಯಲ್ಲಿ ನುಸುಳಿ ಬ್ಯಾಸ್ಕೆಟ್ ಹತ್ತಿರ ಹೋಗುತ್ತದೆ. ಮೊದಲ ದಿನದಿಂದಲೇ ಸರಿಯಾದ ಪಾಠ ಕೈಗೆ ಹತ್ತುತ್ತದೆ.

ನಮ್ಮ ಮಾವನವರು ಅರಸೀಕೆರೆಯಿಂದ ಬಂದಿದ್ದಾಗ ಇಲ್ಲಿಗೆ ಕರೆದುಕೊಂಡು ಬಂದಿದ್ದೆ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಮೊಣಕಾಲು ನೋವು ಬೇರೆ. ಮೊದಲ ಎಸೆತ ಮೇಲಕ್ಕೆ ಎದ್ದು, ನಿಂತಂತಾಗಿ, ಎಡಕ್ಕೆ ಜಾರಿ ಹತ್ತಿರದಲ್ಲೇ ಬಿತ್ತು.

"ಕೈ ಸಾಲದೇನೋ ಕಣಪ್ಪ" ಅಂದರು.

"ಕೈ ಸಾಕು ಮಾವ, ಡಿಸ್ಕಿನ ಮೂತಿ ಮೇಲಕ್ಕೆ ಹೋಗ್ತಿದೆ ಅಷ್ಟೇ. ಮುಂದಿನ ಅಂಚು ಸ್ವಲ್ಪ ಕೆಳಗೆ ಇರಲಿ, ಎದೆಯ ಮಟ್ಟದಲ್ಲೇ ಎಳೆದು ಬಿಡಿ" ಅಂದೆ.

ಹೆಬ್ಬೆರಳು ಮೇಲೆ ಚಪ್ಪಟೆಯಾಗಿ, ಉಳಿದ ನಾಲ್ಕು ಬೆರಳು ಅಂಚಿನ ಒಳಗೆ ಬಿಗಿಯಾಗಿ. ನಿಂತಲ್ಲಿಂದಲೇ, ಓಡಿ ಬರದೆ. ಮೂರನೆಯದೋ ನಾಲ್ಕನೆಯದೋ ಎಸೆತ ಎರಡು ಮರಗಳ ನಡುವೆ ಸೊಂಟದೆತ್ತರದಲ್ಲಿ ತೇಲಿಕೊಂಡು ಹೋಗಿ ಬ್ಯಾಸ್ಕೆಟ್ಟಿಗೆ ಹತ್ತು ಹೆಜ್ಜೆ ಇರುವಾಗ ಇಳಿಯಿತು. ನಮ್ಮ ಹಿಂದೆ ಕಾಯುತ್ತಿದ್ದ ಗುಂಪು ಚಪ್ಪಾಳೆ ತಟ್ಟಿತು. ಅವರಿಗೆ ದಾರಿ ಬಿಟ್ಟುಕೊಟ್ಟು ನಾವು ನಿಧಾನಕ್ಕೆ ಆಡಿದೆವು. ನಿಧಾನ ಆಡುವವರು ಹಿಂದಿನವರನ್ನು ಮುಂದೆ ಬಿಡುವುದು ಈ ಆಟದ ಮರ್ಯಾದೆ, ಇಲ್ಲಿ ಎಲ್ಲರೂ ಅದನ್ನು ಪಾಲಿಸುತ್ತಾರೆ.

ಬಲಗೈಯವರು ಎಸೆದ ಡಿಸ್ಕ್ ಕೊನೆಯಲ್ಲಿ ಎಡಕ್ಕೆ ತಿರುಗುವುದು ಯಾಕೆ ಅಂತ ಮಾವ ಅವತ್ತು ಕೇಳಿದ್ದರು. ಬುಗುರಿಯ ಲೆಕ್ಕವೇ ಅದು: ಜೋರಾಗಿ ತಿರುಗುವಾಗ ನೆಟ್ಟಗೆ, ಕಸುವು ಕುಗ್ಗಿದಾಗ ಒಂದು ಕಡೆಗೆ ವಾಲುತ್ತದೆ. ಡಿಸ್ಕ್‌ಗಳ ಮೇಲೆ ನಾಲ್ಕು ಅಂಕಿ ಬರೆದಿರುತ್ತಾರೆ. ಮೊದಲನೆಯದು ಅದಕ್ಕೆ ಬೇಕಾದ ವೇಗ, ಎರಡನೆಯದು ತೇಲುವ ಗುಣ, ಮೂರನೆಯದು ಶುರುವಿನಲ್ಲಿ ಬಲಕ್ಕೆ ಹೊರಳುವುದು, ನಾಲ್ಕನೆಯದು ಕೊನೆಗೆ ಎಡಕ್ಕೆ ಬೀಳುವುದು. ವೇಗದ ಅಂಕಿ 12, 13 ಇರುವ ಡ್ರೈವರ್‌ಗಳು, ಅಂದರೆ ದೂರ ಎಸೆಯುವ ಡಿಸ್ಕ್‌ಗಳು, ಅಂಗಡಿಯಲ್ಲಿ ಕಣ್ಸೆಳೆಯುತ್ತವೆ, ಹೊಸಬರ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ದಯವಿಟ್ಟು ಕೊಳ್ಳಬೇಡಿ. ಅಷ್ಟು ವೇಗ ಕೊಡಲಾಗದ ತೋಳಿನಿಂದ ಬಿಟ್ಟರೆ ಅದು ಎಡಕ್ಕೆ ಧುಮುಕುತ್ತದೆ, ಎಸೆದವರು ತಮ್ಮಲ್ಲೇ ತಪ್ಪು ಹುಡುಕುತ್ತಾರೆ. ಓಕ್ ಗ್ರೋವ್‌ಗೆ ಇನ್ನೋವಾ ಕಂಪನಿಯ ಏವಿಯಾರ್‌ನಂಥ ಒಂದು ಪಟರ್ (ಹತ್ತಿರದಿಂದ ಬ್ಯಾಸ್ಕೆಟ್ಟಿಗೆ ಹಾಕುವ ಡಿಸ್ಕ್), ಬೇಕಿದ್ದರೆ ಲೆಪರ್ಡ್‌ನಂಥ ನಿಧಾನದ ಒಂದು ಡಿಸ್ಕ್, ಇಷ್ಟಿದ್ದರೆ ಇಡೀ ಕೋರ್ಸ್ ಆಡಬಹುದು. ಸಾದಾ ಪ್ಲಾಸ್ಟಿಕ್ಕಿನದೇ ಸಾಕು, ಬೆಲೆಯೂ ಕಡಿಮೆ, ಕೈಗೆ ಹಿಡಿತವೂ ಚೆನ್ನ. ಬಣ್ಣ ಮಾತ್ರ ಗುಲಾಬಿಯೋ ಕಿತ್ತಳೆಯೋ ಇರಲಿ. ಹಸಿರು, ಕಂದು ಬಣ್ಣದ್ದು ಒಣಗಿದ ಓಕ್ ಎಲೆಗಳ ನಡುವೆ ಬಿದ್ದರೆ ಹುಡುಕಿ ಸಾಕಾಗುತ್ತದೆ. ಒಳಭಾಗದಲ್ಲಿ ಫೋನ್ ನಂಬರ್ ಬರೆದಿಡಿ, ಸಿಕ್ಕವರು ಫೋನ್ ಮಾಡಿ ತಲುಪಿಸುತ್ತಾರೆ. ನನ್ನದು ಹಾಗೆ ವಾಪಸ್ ಬಂದಿದೆ.

ಬೆಂಗಳೂರಿನಲ್ಲಿ ಅಲ್ಟಿಮೇಟ್ ಫ್ರಿಸ್ಬೀ ಆಡಿ ಬಂದ ಹುಡುಗ ಹುಡುಗಿಯರು ಇಲ್ಲಿ ಬೇಗ ಹೊಂದಿಕೊಳ್ಳುತ್ತಾರೆ. ಮಣಿಕಟ್ಟಿನ ಕೆಲಸ ಅವರಿಗೆ ಆಗಲೇ ಗೊತ್ತು. ಆದರೆ ಅಲ್ಟಿಮೇಟ್ ಡಿಸ್ಕ್ 27 ಸೆಂಟಿಮೀಟರ್ ಅಗಲ, ಗಾಲ್ಫಿನದು ಸುಮಾರು 21. ತೂಕ ಹೆಚ್ಚುಕಡಿಮೆ ಅಷ್ಟೇ ಇದ್ದು, ಅಂಚು ಚೂಪು. ಆದ್ದರಿಂದ ಬಡಿದರೆ ಗಾಯ ಆಗುತ್ತದೆ. ಇದೇ ಪಾರ್ಕಿನಲ್ಲಿ ಕುದುರೆ ಸವಾರರು, ನಾಯಿ ಹಿಡಿದು ನಡೆಯುವವರು, ಮಕ್ಕಳು ಎಲ್ಲರೂ ಓಡಾಡುತ್ತಾರೆ. ದಾರಿ ಖಾಲಿಯಾಗುವ ತನಕ ಕಾಯುವುದು, ಡಿಸ್ಕ್ ಯಾರ ಕಡೆಗಾದರೂ ಹೋದರೆ "ಫೋರ್!" ಎಂದು ಕೂಗುವುದು, ಇವೆರಡರಲ್ಲಿ ರಾಜಿ ಬೇಡ.

ಕೊರತೆಗಳೂ ಇವೆ. ಒಂದು ಹೋಲ್ ಮುಗಿಸಿ ಮುಂದಿನ ಟೀ ಎಲ್ಲಿ ಅನ್ನುವುದು ಮೊದಲ ಸಲ ಬಂದವರಿಗೆ ಸುಲಭಕ್ಕೆ ತಿಳಿಯುವುದಿಲ್ಲ. ಫೋನಿನಲ್ಲಿ ಯೂಡಿಸ್ಕ್ ಆ್ಯಪ್ ಹಾಕಿಕೊಂಡು ಬನ್ನಿ, ಅಥವಾ ಮುಂದಿರುವವರನ್ನು ಕೇಳಿ. ನೆಲದಲ್ಲಿ ಬೇರುಗಳು, ಉರುಳುವ ಓಕ್ ಕಾಯಿಗಳು, ಸಡಿಲ ಮಣ್ಣು ಇರುವುದರಿಂದ ಚಪ್ಪಲಿಯಲ್ಲಿ ಆಡಲು ಹೋದರೆ ಕಾಲು ಉಳುಕುತ್ತದೆ. ವಾರಾಂತ್ಯದಲ್ಲಿ ಜನ ಜಾಸ್ತಿ. ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಬಿಸಿಲು ಮೈ ಸುಡುತ್ತದೆ, ನೆರಳಿಲ್ಲದ ತುಂಡುಗಳೂ ಇವೆ. ನೀರು ಮನೆಯಿಂದಲೇ ತನ್ನಿ.

ಒಂದು ವಿಷಯ ನಮ್ಮವರಿಗೆ ವಿಶೇಷವಾಗಿ ಹೇಳಬೇಕು. ಪೊದೆಗೆ ಬಿದ್ದ ಡಿಸ್ಕಿಗೆ ಹಿಂದೆ ಮುಂದೆ ನೋಡದೆ ಕೈ ಹಾಕಬೇಡಿ. ಈ ಕಣಿವೆಗಳಲ್ಲಿ ಪಾಯ್ಸನ್ ಓಕ್ ಬೆಳೆಯುತ್ತದೆ, ಮೂರು ಮೂರು ಎಲೆಯ ಹೊಳಪಿನ ಗಿಡ. ಹೆಸರಲ್ಲಿ ಓಕ್ ಇದ್ದರೂ ಅದು ಮಾವು, ಗೇರಿನ ಕುಟುಂಬದ್ದು. ಮಾವಿನ ಸೊನೆ, ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಮೈ ಬೊಬ್ಬೆ ಬಂದ ಅನುಭವ ಇರುವ ಕರಾವಳಿ, ಮಲೆನಾಡಿನವರು ಇದರ ಹತ್ತಿರ ಇನ್ನೂ ಹುಷಾರಾಗಿರಬೇಕು. ತಾಗಿದರೆ ಕೂಡಲೇ ಸೋಪು ಹಾಕಿ ತೊಳೆಯಿರಿ, ಡಿಸ್ಕನ್ನೂ ತೊಳೆಯಿರಿ. ಬೆಚ್ಚಗಿನ ತಿಂಗಳುಗಳಲ್ಲಿ ಬುಡುಬುಡಿಕೆ ಹಾವು (ವಿಷದ ರ‍್ಯಾಟಲ್‌ಸ್ನೇಕ್) ಕಾಣಿಸುವುದೂ ಉಂಟು, ಉದ್ದನೆಯ ಕೋಲಿನಿಂದ ಎಲೆ ಸರಿಸಿ ನೋಡಿ.

ನನಗೆ ಇಷ್ಟವಾದ ಹೊತ್ತು ವಾರದ ನಡುವಿನ ಮಧ್ಯಾಹ್ನ. ಪಕ್ಕದಲ್ಲೇ ನಾಸಾದ ಬಾಹ್ಯಾಕಾಶ ಪ್ರಯೋಗಾಲಯ ಜೆಪಿಎಲ್ ಇದೆ. ಚಂದ್ರಯಾನ-1ರ ಜೊತೆ ಹೋದ ಖನಿಜ ನಕ್ಷೆಯ ಉಪಕರಣ ತಯಾರಾದದ್ದು ಅಲ್ಲೇ, ನಾಸಾ-ಇಸ್ರೋ ಜಂಟಿಯ ನಿಸಾರ್ ಉಪಗ್ರಹದ ರೇಡಾರ್ 2023ರಲ್ಲಿ ಬೆಂಗಳೂರಿಗೆ ಹೊರಟದ್ದೂ ಅಲ್ಲಿಂದಲೇ. ಊಟದ ಬಿಡುವಿನಲ್ಲಿ ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡೇ ಒಂದಷ್ಟು ಹೋಲ್ ಆಡಿ ಹೋಗುವವರನ್ನು ನೋಡಿದ್ದೇನೆ. ಇಂಥವರ ಜೊತೆ ಸೇರಿಕೊಳ್ಳಲು ಸಂಕೋಚ ಬೇಡ. ಒಬ್ಬರೇ ಹೋದರೆ ಯಾರಾದರೂ ಕರೆದೇ ಕರೆಯುತ್ತಾರೆ.

ದೂರದ ಎಸೆತದ ಆಸೆ ಹುಟ್ಟಿದ ಮೇಲೆ ಲಾ ಮಿರಾಡಾ ಪಾರ್ಕಿನ ಕೋರ್ಸಿಗೆ ಹೋಗಿ. ಅದೂ ಹಳೆಯದೇ, ಹುಲ್ಲಿನ ಬಯಲು ಹೆಚ್ಚು. ಡ್ರೈವರ್ ಕೊಳ್ಳುವುದಿದ್ದರೆ ಆಗ ಕೊಳ್ಳಿ.