ಇಬ್ಬರಿಗೆ 25 ಅಡಿಯ ಆರ್‌ವಿ: ಯೂಟಾ, ಅರಿಜೋನಾ ಪಾರ್ಕುಗಳ ಸುತ್ತಿಗೆ ಹೊಂದುತ್ತದೆಯೇ?

ಲಾಸ್ ವೇಗಸ್‌ನಲ್ಲಿ ಗಾಡಿ ತೆಗೆದುಕೊಂಡು ಝಯಾನ್, ಬ್ರೈಸ್ ಕ್ಯಾನ್ಯನ್, ಕ್ಯಾಪಿಟಲ್ ರೀಫ್, ಮೋಆಬ್, ಮಾನ್ಯುಮೆಂಟ್ ವ್ಯಾಲಿ, ಪೇಜ್, ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು ನೋಡಿಕೊಂಡು ವಾಪಸ್ ವೇಗಸ್‌ಗೆ ಬಂದರೆ ಸುಮಾರು 1,300 ಮೈಲಿ. ಗಂಡ ಹೆಂಡತಿ ಇಬ್ಬರೇ ಹೊರಟಾಗಲೂ ಬಾಡಿಗೆ ಕಂಪನಿಗಳು ಹೆಚ್ಚಾಗಿ ತೋರಿಸುವುದು 25 ಅಡಿಯ ‘ಕ್ಲಾಸ್ ಸಿ’ ಆರ್‌ವಿಯನ್ನೇ, ಅಂದರೆ ಲಾರಿಯಂಥ ಚಾಸಿಸ್ ಮೇಲೆ ಪುಟ್ಟ ಮನೆ ಕೂರಿಸಿದ ಗಾಡಿಯನ್ನೇ. ಫೋರ್ಡ್ ಇ-450 ಚಾಸಿಸ್, ಪೆಟ್ರೋಲ್ ವಿ8 ಎಂಜಿನ್, ಡ್ರೈವರ್ ತಲೆಯ ಮೇಲೆ ಅಟ್ಟದಂಥ ಒಂದು ಹಾಸಿಗೆ, ಹಿಂದೆ ಇನ್ನೊಂದು, ನಡುವೆ ಅಡುಗೆಮನೆ, ಬಚ್ಚಲು. ಈ ವಿಮರ್ಶೆ ಆ ಗಾಡಿಯದು.

ಅಂಕ ಮೊದಲೇ ಕೊಟ್ಟುಬಿಡುತ್ತೇವೆ. ಮನೆ ಅಂತ ನೋಡಿದರೆ 5ಕ್ಕೆ 4. ಓಡಾಡುವ ವಾಹನ ಅಂತ ನೋಡಿದರೆ 5ಕ್ಕೆ 2. ಜನ ಬಾಡಿಗೆಗೆ ಮುಂಚೆ ಹಾಸಿಗೆ ಎಷ್ಟು ದೊಡ್ಡದು, ಫ್ರಿಜ್ ಎಷ್ಟು ದೊಡ್ಡದು ಎಂದು ನೋಡುತ್ತಾರೆ. ಈ ದಾರಿಯಲ್ಲಿ ಮೊದಲು ನೋಡಬೇಕಾದದ್ದು ಗಾಡಿಯ ಅಗಲ ಮತ್ತು ಎತ್ತರ.

ಕಾರಣ ಝಯಾನ್‌ನ ಸುರಂಗ. 1930ರಲ್ಲಿ ಮುಗಿದ ಝಯಾನ್-ಮೌಂಟ್ ಕಾರ್ಮೆಲ್ ಸುರಂಗ 1.1 ಮೈಲಿ ಉದ್ದ, ಆ ಕಾಲದ ಕಾರುಗಳ ಅಳತೆಗೆ ಕೊರೆದದ್ದು. ಕಮಾನಿನ ಆಕಾರ, ಆದ್ದರಿಂದ ಎತ್ತರದ ಗಾಡಿ ನಡುಗೆರೆಯ ಮೇಲೆ ಬಂದರೆ ಮಾತ್ರ ತಲೆ ತಾಗುವುದಿಲ್ಲ. ಹಿಂದೆ 15 ಡಾಲರ್ ಕಟ್ಟಿದರೆ ಎದುರಿನ ವಾಹನಗಳನ್ನು ತಡೆದು ದೊಡ್ಡ ಗಾಡಿಗಳನ್ನು ಬಿಡುತ್ತಿದ್ದರು. 2026ರ ಜೂನ್‌ನಿಂದ ಆ ವ್ಯವಸ್ಥೆ ಇಲ್ಲ. 11 ಅಡಿ 4 ಇಂಚಿಗಿಂತ ಎತ್ತರ ಅಥವಾ 7 ಅಡಿ 10 ಇಂಚಿಗಿಂತ ಅಗಲ ಇದ್ದರೆ ಆ ರಸ್ತೆಗೆ ಪ್ರವೇಶವೇ ಇಲ್ಲ. 25 ಅಡಿಯ ಕ್ಲಾಸ್ ಸಿ ಗಾಡಿಯ ಎತ್ತರ ಏಸಿ ಸೇರಿ 12 ಅಡಿಯ ಆಸುಪಾಸು, ಮೈ ಅಗಲವೇ 8 ಅಡಿ ದಾಟುತ್ತದೆ. ಎರಡೂ ಲೆಕ್ಕದಲ್ಲಿ ಹೊರಗೆ. ನಕ್ಷೆಯ ಆ್ಯಪ್‌ಗಳು ಕಾರಿನ ದಾರಿ ತೋರಿಸುವುದರಿಂದ ಸುರಂಗದ ಕಡೆಗೇ ಕಳಿಸುತ್ತವೆ. ಸ್ಪ್ರಿಂಗ್‌ಡೇಲ್‌ನಿಂದ ಹರಿಕೇನ್, ಫ್ರೆಡೋನಿಯಾ, ಕನಾಬ್ ಮೇಲೆ ಸುತ್ತಿ ಮೌಂಟ್ ಕಾರ್ಮೆಲ್ ಜಂಕ್ಷನ್ ಸೇರಬೇಕು. 25 ಮೈಲಿಯ ದಾರಿ ಸುಮಾರು 100 ಮೈಲಿ ಆಗುತ್ತದೆ. ಝಯಾನ್‌ನಿಂದ ಬ್ರೈಸ್‌ಗೆ ಹೊರಡುವ ದಿನ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ. ಕನಾಬ್‌ನಲ್ಲಿ ನಿಲ್ಲಿಸಿ ದಿನಸಿ, ಪೆಟ್ರೋಲ್ ತುಂಬಿಸಿಕೊಂಡರೆ ಆ ಸುತ್ತು ದಂಡವೂ ಅಲ್ಲ.

ಸಣ್ಣ ಕ್ಯಾಂಪರ್ ವ್ಯಾನ್ ತಗೊಂಡರೆ ಈ ತಲೆನೋವೇ ಇಲ್ಲ ಎಂದುಕೊಳ್ಳಬೇಡಿ. ಅದರ ಮೈ ಕಿರಿದಾದರೂ ಪಕ್ಕದ ಕನ್ನಡಿ, ಮಡಚಿಟ್ಟ ಆನಿಂಗ್ (ನೆರಳಿಗೆ ಬಿಚ್ಚುವ ಬಟ್ಟೆಯ ಚಪ್ಪರ) ಹೊರಚಾಚಿರುತ್ತವೆ. ಬಾಡಿಗೆ ಕಂಪನಿಯ ಡಿಪೋದಲ್ಲೇ ಟೇಪ್ ಹಿಡಿದು ಅತ್ಯಂತ ಅಗಲದ ಜಾಗ ಅಳೆದು, ಆ ಅಂಕಿಯನ್ನು ಪಾರ್ಕಿನ ನಿಯಮದ ಜೊತೆ ಇಟ್ಟು ನೋಡಿ. ಯಾವ ಗಾಡಿಯಲ್ಲಾದರೂ ಉತ್ತರಕ್ಕೆ, ಮೊಂಟಾನಾದ ಗ್ಲೇಷಿಯರ್ ಪಾರ್ಕಿಗೆ ಹೋಗುವ ಯೋಚನೆ ಇದ್ದರೂ ಅಳತೆಯದೇ ಮಾತು: ಗೋಯಿಂಗ್-ಟು-ದಿ-ಸನ್ ರಸ್ತೆಯಲ್ಲಿ ಅವಲಾಂಚ್ ಮತ್ತು ರೈಸಿಂಗ್ ಸನ್ ನಡುವೆ 21 ಅಡಿಗಿಂತ ಉದ್ದ ಅಥವಾ ಕನ್ನಡಿ ಸೇರಿ 8 ಅಡಿಗಿಂತ ಅಗಲ ಇದ್ದರೆ ಬಿಡುವುದಿಲ್ಲ.

ಓಡಿಸುವುದು ಕಷ್ಟವಲ್ಲ, ಆದರೆ ಹಿಂಭಾಗದ ಮೇಲೆ ಕಣ್ಣಿರಬೇಕು. ಹಿಂದಿನ ಚಕ್ರದ ಆಚೆ ಏಳೆಂಟು ಅಡಿ ಮೈ ಹೊರಗಿರುತ್ತದೆ. ಸ್ಟಿಯರಿಂಗ್ ಬಲಕ್ಕೆ ಪೂರ್ತಿ ತಿರುಗಿಸಿದರೆ ಹಿಂದಿನ ಎಡ ಮೂಲೆ ಎಡಕ್ಕೆ ಒಂದು ಅಡಿಗೂ ಹೆಚ್ಚು ಬೀಸುತ್ತದೆ. ಪೆಟ್ರೋಲ್ ಬಂಕಿನಲ್ಲಿ ಪಂಪಿನ ಪಕ್ಕದ ಹಳದಿ ಕಂಬಕ್ಕೆ ತಾಗುವುದು ಈ ಮೂಲೆಯೇ. ಪಂಪಿನಿಂದ ಹೊರಡುವಾಗ ಹಿಂದಿನ ಚಕ್ರ ಕಂಬ ದಾಟುವ ತನಕ ನೆಟ್ಟಗೆ ಹೋಗಿ, ಆಮೇಲೆ ತಿರುಗಿಸಿ. ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ಡ್ರೈವರ್ ಕಡೆಯ ಕನ್ನಡಿಯಲ್ಲಿ ಕಾಣುವ ಹಾಗೆ ನಿಲ್ಲಲೇಬೇಕು. ಹಿಂದಿನ ಕ್ಯಾಮರಾಗೆ ಮೇಲಿನ ಮರದ ಕೊಂಬೆ ಕಾಣುವುದಿಲ್ಲ. ಚಾವಣಿಗೆ ಆದ ಪೆಟ್ಟನ್ನು ಬಹಳಷ್ಟು ಬಾಡಿಗೆ ಕರಾರುಗಳು ವಿಮೆಯ ಹೊರಗೇ ಇಡುತ್ತವೆ. ಡಾಂಬರಿಲ್ಲದ ರಸ್ತೆಗೂ ಅದೇ ಷರತ್ತು. ಹಾಗಾಗಿ ಮೆಕ್ಸಿಕನ್ ಹ್ಯಾಟ್ ಹತ್ತಿರದ ಮೋಕಿ ಡಗ್‌ವೇ, ಮಾನ್ಯುಮೆಂಟ್ ವ್ಯಾಲಿಯೊಳಗಿನ 17 ಮೈಲಿಯ ಮಣ್ಣುರಸ್ತೆ ಎರಡೂ ಈ ಗಾಡಿಗಲ್ಲ. ಮಾನ್ಯುಮೆಂಟ್ ವ್ಯಾಲಿಯಲ್ಲಂತೂ ಆರ್‌ವಿಗಳನ್ನು ಆ ಸುತ್ತಿಗೆ ಬಿಡುವುದೇ ಇಲ್ಲ. ನವಾಹೋ ಗೈಡ್‌ಗಳ ಜೀಪು ಹತ್ತಬೇಕು.

ಮೈಲೇಜು ಗ್ಯಾಲನ್‌ಗೆ 8ರಿಂದ 10 ಮೈಲಿ. ಇಡೀ ಸುತ್ತಿಗೆ 145 ಗ್ಯಾಲನ್ ಎಂದು ಲೆಕ್ಕ ಹಾಕಿ, ಜನರೇಟರ್ ಕುಡಿಯುವುದು ಬೇರೆ. ಯೂಟಾದ ಬಂಕುಗಳಲ್ಲಿ ಅತಿ ಅಗ್ಗದ ‘ರೆಗ್ಯುಲರ್’ 85 ಆಕ್ಟೇನ್. ಫೋರ್ಡ್ ಕೇಳುವುದು ಕನಿಷ್ಠ 87. ನಾಲ್ಕು ಟನ್ನಿಗೂ ಹೆಚ್ಚು ಭಾರ ಹೊತ್ತು ಹೈವೇ 12ರ ಬೋಲ್ಡರ್ ಪರ್ವತದಲ್ಲಿ 9,600 ಅಡಿಗೆ ಏರುವ ಎಂಜಿನ್‌ಗೆ ಆ ಎರಡು ಅಂಕ ಉಳಿಸಬೇಡಿ. ಸಾವಿರ ಅಡಿಗೆ ಸುಮಾರು 3 ಶೇಕಡಾ ಶಕ್ತಿ ಕಡಿಮೆಯಾಗುತ್ತದೆ, ಏರಿನಲ್ಲಿ ಎಂಜಿನ್ ಕಿರುಚುವುದು ಸಹಜ. ಇಳಿಜಾರು ಶುರುವಾಗುವ ಮುಂಚೆಯೇ ಗೇರ್ ಕಡ್ಡಿಯ ತುದಿಯಲ್ಲಿರುವ ಟೋ/ಹಾಲ್ ಗುಂಡಿ ಒತ್ತಿ. ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕ್ ಬಿಸಿಯಾಗುವುದಿಲ್ಲ. ಎಸ್ಕಲಾಂಟೆ ಮತ್ತು ಬೋಲ್ಡರ್ ನಡುವಿನ ‘ಹಾಗ್ಸ್‌ಬ್ಯಾಕ್’ ಎಂಬಲ್ಲಿ ರಸ್ತೆಯ ಎರಡೂ ಬದಿ ಕೆಳಗೆ ಬರೀ ಗಾಳಿ. ಗಾಳಿ ಜೋರಿದ್ದ ದಿನ ಅಲ್ಲಿ 25 ಮೈಲಿ ವೇಗ ಸಾಕು.

ಇನ್ನು ರಾತ್ರಿ. ಈ ಗಾಡಿಗಳ ಬಗ್ಗೆ ಅತಿ ಹೆಚ್ಚು ದೂರು ಬರುವುದು ಬ್ರೈಸ್‌ನಂಥ ಜಾಗದಿಂದ. ಅಲ್ಲಿ ಅಂಚಿನ ಎತ್ತರವೇ 8,000 ಅಡಿ ಮೀರುತ್ತದೆ, ಏಪ್ರಿಲ್, ಅಕ್ಟೋಬರ್ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ನಾರ್ತ್, ಸನ್‌ಸೆಟ್ ಎಂಬ ಎರಡು ಕ್ಯಾಂಪ್‌ಗ್ರೌಂಡಲ್ಲೂ ಕರೆಂಟಿನ ಹುಕಪ್, ಅಂದರೆ ಗಾಡಿಗೆ ಹೊರಗಿನ ಕರೆಂಟ್ ಜೋಡಿಸುವ ಪಾಯಿಂಟು, ಇಲ್ಲ. ಹೀಟರ್ ಉರಿಯುವುದು ಪ್ರೊಪೇನ್‌ನಿಂದ, ಆದರೆ ಬಿಸಿಗಾಳಿ ತಳ್ಳುವ ಫ್ಯಾನ್ ಓಡುವುದು 12 ವೋಲ್ಟ್ ಬ್ಯಾಟರಿಯಿಂದ, ಸುಮಾರು 8 ಆ್ಯಂಪ್. 100 ಆ್ಯಂಪ್-ಅವರ್ ಲೆಡ್ ಬ್ಯಾಟರಿಯಲ್ಲಿ ಬಳಸಬಹುದಾದದ್ದು ಅರ್ಧ. ಫ್ಯಾನ್ ರಾತ್ರಿಯಲ್ಲಿ ಒಟ್ಟು ಐದು ಗಂಟೆ ಓಡಿತೆಂದರೆ 40 ಆ್ಯಂಪ್-ಅವರ್ ಖರ್ಚು. ಸಂಜೆ ದೀಪ, ನೀರಿನ ಪಂಪು, ಫೋನ್ ಚಾರ್ಜಿಂಗ್ ಆಗಲೇ ತಿಂದಿರುತ್ತವೆ. ಬೆಳಗಿನ ಜಾವ ನಾಲ್ಕಕ್ಕೆ ಫ್ಯಾನ್ ತಿರುಗುತ್ತದೆ, ತಣ್ಣನೆ ಗಾಳಿ ಬರುತ್ತದೆ, ನಿಲ್ಲುತ್ತದೆ. ಗ್ಯಾಸ್ ಮುಗಿಯಿತು ಎಂದೇ ಎಲ್ಲರೂ ತಿಳಿಯುತ್ತಾರೆ. ಗ್ಯಾಸ್ ಇರುತ್ತದೆ, ವೋಲ್ಟೇಜ್ ಇಳಿದು ಫ್ಯಾನ್ ನಿಧಾನವಾದಾಗ ಗಾಳಿಯ ಒತ್ತಡ ಸಾಲದೆ ಒಳಗಿನ ಸಣ್ಣ ರೆಕ್ಕೆಯಂಥ ಸ್ವಿಚ್ಚು ಮುಚ್ಚಿಕೊಳ್ಳುವುದಿಲ್ಲ, ಅದು ಮುಚ್ಚದೆ ಬರ್ನರ್ ಹೊತ್ತಿಕೊಳ್ಳುವುದಿಲ್ಲ.

ಪರಿಹಾರ ಸುಲಭ. ಕತ್ತಲಾಗುವ ಮುಂಚೆ, ಜನರೇಟರ್‌ಗೆ ಅನುಮತಿ ಇರುವ ಗಂಟೆಗಳಲ್ಲಿ ಬ್ಯಾಟರಿ ತುಂಬಿಸಿ. ಥರ್ಮೋಸ್ಟಾಟ್ 55ರಿಂದ 58 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ 13-14 ಸೆಲ್ಸಿಯಸ್‌ಗೆ ಇಳಿಸಿ, ದಪ್ಪ ಕಂಬಳಿ ಹೊದೆಯಿರಿ. ಒಳಗಿನ ಗ್ಯಾಸ್ ಒಲೆ ಹಚ್ಚಿಟ್ಟು ಮೈ ಕಾಯಿಸಿಕೊಳ್ಳುವ ಕೆಲಸ ಯಾವತ್ತೂ ಬೇಡ, ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲು ಭಾಗಕ್ಕೆ ಇಳಿದರೆ ಜನರೇಟರ್ ತಾನೇ ನಿಲ್ಲುತ್ತದೆ, ನಿಮ್ಮನ್ನು ಕಾಡಿನಲ್ಲಿ ಬಿಡಬಾರದೆಂದು ಮಾಡಿದ ಏರ್ಪಾಡು ಅದು. ಹಾಗಾಗಿ ಬ್ರೈಸ್‌ಗೆ ಅರ್ಧ ಟ್ಯಾಂಕಿಗಿಂತ ಕಡಿಮೆ ಇಟ್ಟುಕೊಂಡು ಹೋಗಬೇಡಿ.

ಹುಕಪ್ ಇರುವ ಕಡೆ 30 ಆ್ಯಂಪ್ ಸಿಗುತ್ತದೆ. 120 ವೋಲ್ಟ್‌ಗೆ 3,600 ವ್ಯಾಟ್, ಅಷ್ಟೇ. ಏಸಿ ಓಡುತ್ತಿರುವಾಗ ಮೈಕ್ರೋವೇವ್ ಜೊತೆಗೆ ವಾಟರ್ ಹೀಟರಿನ ಕರೆಂಟ್ ಕಾಯಿಲ್ ಹಾಕಿದರೆ ಬ್ರೇಕರ್ ಬಿತ್ತೆಂದೇ ತಿಳಿಯಿರಿ. ನೀರು ಕಾಯಿಸಲು ಗ್ಯಾಸ್ ಬಳಸಿ. ಫ್ರಿಜ್ ಹಳೆಯ ಗ್ಯಾಸ್-ಕರೆಂಟ್ ಮಾದರಿಯದಾದರೆ ಗಾಡಿ ಸಮತಟ್ಟಾಗಿ ನಿಂತಿರಬೇಕು, ಅದರೊಳಗೆ ಅಮೋನಿಯಾ ದ್ರವ ಇಳಿದು ಹರಿಯುವುದು ಗುರುತ್ವದಿಂದ. ತಗ್ಗಿನ ಚಕ್ರದ ಕೆಳಗೆ ಪ್ಲಾಸ್ಟಿಕ್ ಬ್ಲಾಕ್ ಇಟ್ಟು ಏರಿಸಿ, ಕೌಂಟರ್ ಮೇಲೆ ಒಂದು ಲೋಟ ನೀರಿಟ್ಟು ನೋಡಿದರೂ ಸಾಕು.

ನೀರಿನ ಲೆಕ್ಕದಲ್ಲಿ ಇಬ್ಬರಿಗೆ ಈ ಗಾಡಿ ನಿಜವಾಗಿ ಆರಾಮ. ಶುದ್ಧ ನೀರು 40 ಗ್ಯಾಲನ್ ಆಸುಪಾಸು, ಸ್ನಾನ-ಪಾತ್ರೆ ನೀರಿನ ಗ್ರೇ ಟ್ಯಾಂಕ್ 30ರ ಹತ್ತಿರ, ಶೌಚದ ಬ್ಲ್ಯಾಕ್ ಟ್ಯಾಂಕ್ ಅದಕ್ಕಿಂತ ಸ್ವಲ್ಪ ಕಡಿಮೆ. ಮೊದಲು ತುಂಬುವುದು ಗ್ರೇ. ಬಿಸಿನೀರಿನ ಟ್ಯಾಂಕ್ 6 ಗ್ಯಾಲನ್, ಮೈ ನೆನೆಸಿ ನಿಲ್ಲಿಸಿ, ಸೋಪು ಹಚ್ಚಿ ಮತ್ತೆ ಬಿಟ್ಟುಕೊಂಡರೆ ಇಬ್ಬರಿಗೂ ಆಗುತ್ತದೆ. ಹೀಗೆ ಮಾಡಿದರೆ ಮೂರು ದಿನ ಈ ಕೊಳೆನೀರಿನ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್ ಹುಡುಕಬೇಕಿಲ್ಲ.

ಡಂಪ್ ಮಾಡುವುದು 15 ನಿಮಿಷದ ಕೆಲಸ, ಕ್ರಮ ತಪ್ಪಿದರೆ ಗಲೀಜು. ಬಿಸಾಡುವ ಕೈಗವಸು ಹಾಕಿ. ಎರಡೂ ವಾಲ್ವ್ ಮುಚ್ಚಿದೆಯೇ ನೋಡಿ ಆಮೇಲೆ ಮುಚ್ಚಳ ತೆಗೆಯಿರಿ. ಪೈಪಿನ ಕೊಕ್ಕೆಗಳು ಎರಡೂ ಕಡೆ ಕಚ್ಚಿಕೊಳ್ಳುವ ತನಕ ತಿರುಗಿಸಿ. ಒಂದೇ ಕಡೆ ಕಚ್ಚಿದ ಪೈಪು ಒತ್ತಡಕ್ಕೆ ಕಿತ್ತು ಬರುತ್ತದೆ. ಇನ್ನೊಂದು ತುದಿ ಗುಂಡಿಯೊಳಗೆ, ಮೇಲೆ ಕಲ್ಲೋ ಮುಚ್ಚಳವೋ ಭಾರಕ್ಕೆ. ಮೊದಲು ಬ್ಲ್ಯಾಕ್ ಎಳೆಯಿರಿ, ಪೂರ್ತಿ ನಿಂತ ಮೇಲೆ ಮುಚ್ಚಿ ಗ್ರೇ ಎಳೆಯಿರಿ, ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಆಮೇಲೆ ಟಾಯ್ಲೆಟ್‌ನಿಂದ ಎರಡು ಮೂರು ಗ್ಯಾಲನ್ ನೀರು, ರಾಸಾಯನಿಕದ ಒಂದು ಪೊಟ್ಟಣ. ಕರೆಂಟ್, ನೀರು, ಚರಂಡಿ ಮೂರೂ ಇರುವ ಫುಲ್ ಹುಕಪ್ ಸೈಟಿನಲ್ಲಿ ಬ್ಲ್ಯಾಕ್ ವಾಲ್ವನ್ನು ತೆರೆದೇ ಬಿಡುವ ತಪ್ಪು ಬಹಳ ಜನ ಮಾಡುತ್ತಾರೆ. ನೀರೆಲ್ಲ ಹರಿದುಹೋಗಿ ಗಟ್ಟಿ ಪದಾರ್ಥ ಕೆಳಗೆ ಗುಡ್ಡೆಯಾಗಿ ಕೂರುತ್ತದೆ. ಟ್ಯಾಂಕ್ ಮೂರನೇ ಎರಡು ತುಂಬಿದಾಗ ಒಮ್ಮೆಲೇ ಬಿಟ್ಟರೆ ರಭಸಕ್ಕೆ ಎಲ್ಲ ಕೊಚ್ಚಿಹೋಗುತ್ತದೆ. ಖಾಲಿ ಮಾಡಿದ ಮೇಲೂ ಫಲಕದ ದೀಪ ಭರ್ತಿ ಎಂದು ತೋರಿಸಿದರೆ ಗಾಬರಿ ಬೇಡ, ಸೆನ್ಸರ್‌ಗೆ ಕಾಗದ ಅಂಟಿರುತ್ತದೆ.

ಹಾಸಿಗೆಯ ಬಗ್ಗೆ ಒಂದೇ ಮಾತು: ಹಿಂದಿನ ಹಾಸಿಗೆ ಮೂಲೆಗೆ ಅಂಟಿದ್ದರೆ ಗೋಡೆ ಕಡೆ ಮಲಗಿದವರು ರಾತ್ರಿ ಇನ್ನೊಬ್ಬರನ್ನು ದಾಟಿಯೇ ಇಳಿಯಬೇಕು. ಮೂರು ಕಡೆ ಜಾಗ ಇರುವ ವಿನ್ಯಾಸ ಕೇಳಿ. ಅಟ್ಟವನ್ನು ಬಟ್ಟೆ, ಕಂಬಳಿಗೆ ಇಟ್ಟುಕೊಳ್ಳಿ.

ಕ್ಯಾಂಪ್ ಜಾಗಗಳಲ್ಲಿ ನಮ್ಮ ಮೊದಲ ಆಯ್ಕೆ ಝಯಾನ್‌ನ ವಾಚ್‌ಮನ್. ಕರೆಂಟ್ ಇರುವ ಸೈಟುಗಳಿವೆ, ಪಾರ್ಕಿನ ಶಟಲ್ ಬಸ್ಸು ನಡೆಯುವ ದೂರದಲ್ಲಿ, ಸ್ಪ್ರಿಂಗ್‌ಡೇಲ್ ಪೇಟೆಗೂ ಉಚಿತ ಶಟಲ್. ಶಟಲ್ ಓಡುವ ತಿಂಗಳುಗಳಲ್ಲಿ ಕಣಿವೆಯ ರಸ್ತೆಗೆ ಖಾಸಗಿ ವಾಹನ ಬಿಡುವುದಿಲ್ಲವಾದ್ದರಿಂದ ಇಲ್ಲಿ ದೊಡ್ಡ ಗಾಡಿ ಒಂದು ಕೊರತೆಯೇ ಅಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಮೇದರ್ ಕ್ಯಾಂಪ್‌ಗ್ರೌಂಡಿನ ಮಿತಿ 30 ಅಡಿ, ಹುಕಪ್ ಇಲ್ಲ. ಪಕ್ಕದ ಟ್ರೇಲರ್ ವಿಲೇಜ್‌ನಲ್ಲಿ ಎಲ್ಲ ಇದೆ, ಬೆಲೆ ಹೆಚ್ಚು. ಕ್ಯಾಪಿಟಲ್ ರೀಫ್‌ನ ಫ್ರೂಟಾದಲ್ಲಿ ಹುಕಪ್ ಇಲ್ಲದಿದ್ದರೂ ಮಾರ್ಮನ್ ವಲಸಿಗರು ನೆಟ್ಟ ಹಣ್ಣಿನ ತೋಟಗಳ ನಡುವೆ ಮಲಗುವ ಸುಖ ಬೇರೆಲ್ಲೂ ಇಲ್ಲ. ವಾಚ್‌ಮನ್, ಮೇದರ್, ಫ್ರೂಟಾ ಮೂರಕ್ಕೂ ರಿಕ್ರಿಯೇಷನ್ ಡಾಟ್ ಗವ್ ವೆಬ್‌ಸೈಟಿನಲ್ಲಿ ಆರು ತಿಂಗಳ ಮುಂಚೆ ಜಾಗ ಬಿಡುತ್ತಾರೆ, ವಸಂತ ಮತ್ತು ಶರತ್ಕಾಲದವು ನಿಮಿಷಗಳಲ್ಲಿ ಮುಗಿಯುತ್ತವೆ. ಗಾಡಿ ಆಮೇಲೆ ಸಿಗುತ್ತದೆ, ಮೊದಲು ಜಾಗ ಹಿಡಿಯಿರಿ.

ಪಾಸಿನ ನಿಯಮವೂ ಬದಲಾಗಿದೆ. 2026ರಿಂದ ರಾಷ್ಟ್ರೀಯ ಪಾರ್ಕುಗಳ ವಾರ್ಷಿಕ ಪಾಸು ಅಮೆರಿಕ ನಿವಾಸಿಗಳಿಗೆ 80 ಡಾಲರ್, ಉಳಿದವರಿಗೆ 250. ಪಾಸಿಲ್ಲದ ಹೊರದೇಶದವರು 11 ದೊಡ್ಡ ಪಾರ್ಕುಗಳಲ್ಲಿ ಪ್ರವೇಶ ಶುಲ್ಕದ ಮೇಲೆ ತಲೆಗೆ 100 ಡಾಲರ್ ಹೆಚ್ಚು ಕೊಡಬೇಕು. ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಮೂರೂ ಆ ಪಟ್ಟಿಯಲ್ಲಿವೆ. ಇಂಡಿಯಾದಿಂದ ಬಂದ ಜೋಡಿಗೆ ಎರಡನೇ ಪಾರ್ಕಿಗೇ ಪಾಸಿನ ದುಡ್ಡು ಹುಟ್ಟುತ್ತದೆ. ಮಾನ್ಯುಮೆಂಟ್ ವ್ಯಾಲಿ ನವಾಹೋ ಬುಡಕಟ್ಟಿನ ಪಾರ್ಕು, ಅಲ್ಲಿ ಈ ಪಾಸು ನಡೆಯುವುದಿಲ್ಲ. ಗಡಿಯಾರದ ಬಗ್ಗೆಯೂ ಎಚ್ಚರ: ಅರಿಜೋನಾ ಬೇಸಿಗೆಯಲ್ಲಿ ಗಂಟೆ ಮುಂದಕ್ಕಿಡುವುದಿಲ್ಲ, ನವಾಹೋ ನೇಷನ್ ಇಡುತ್ತದೆ. ಪೇಜ್‌ನ ಆ್ಯಂಟಿಲೋಪ್ ಕ್ಯಾನ್ಯನ್ ಟೂರು ಅರಿಜೋನಾ ಸಮಯದ ಪ್ರಕಾರ. ಫೋನು ಯಾವ ಟವರ್ ಹಿಡಿದಿದೆಯೋ ಆ ಗಂಟೆ ತೋರಿಸುತ್ತದೆ, ಕಾಯ್ದಿರಿಸುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಡಿಪೋದಲ್ಲಿ ಗಾಡಿ ತೆಗೆದುಕೊಳ್ಳುವಾಗ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ, ಅವರು ಅವಸರ ಮಾಡಿದರೂ ಬಿಡಬೇಡಿ. ಹೀಟರ್, ಫ್ರಿಜ್, ವಾಟರ್ ಹೀಟರ್ ಮೂರನ್ನೂ ಗ್ಯಾಸಿನ ಮೇಲೆ ಹಚ್ಚಿ ತೋರಿಸಲು ಹೇಳಿ. ಮಾನಾಕ್ಸೈಡ್ ಅಲಾರಮ್ಮಿನ ಪರೀಕ್ಷಾ ಗುಂಡಿ ಒತ್ತಿ. ಟೈರಿನ ಪಕ್ಕದಲ್ಲಿ ‘DOT’ ಅಕ್ಷರಗಳಿಂದ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ, ಮೊದಲೆರಡು ಟೈರು ತಯಾರಾದ ವಾರ, ಉಳಿದೆರಡು ವರ್ಷ. ಆರು ವರ್ಷ ದಾಟಿದ್ದರೆ ಬೇರೆ ಗಾಡಿ ಕೇಳಿ. ಚಾವಣಿಯ ನಾಲ್ಕು ಮೂಲೆ, ಹಿಂದಿನ ಬಂಪರ್, ಆನಿಂಗ್ ಬಿಚ್ಚಿ ಅದರ ಬಟ್ಟೆ, ಎಲ್ಲ ವಿಡಿಯೊ ಮಾಡಿಕೊಳ್ಳಿ. ಜನರೇಟರ್ ಗಂಟೆಯ ಮೀಟರು, ಮೈಲಿ ಮೀಟರು ಎರಡರ ಫೋಟೊ ಬೇಕೇ ಬೇಕು, ಬಿಲ್ ಆಗುವುದು ಅವುಗಳ ಮೇಲೆ. ವಾಪಸ್ ಕೊಡುವ ದಿನ ಗ್ರೇ, ಬ್ಲ್ಯಾಕ್ ಟ್ಯಾಂಕ್ ಖಾಲಿ ಮಾಡಿರಬೇಕು, ಇಲ್ಲದಿದ್ದರೆ ದಂಡ. ಆ ಕೆಲಸವನ್ನು ವೇಗಸ್ ಟ್ರಾಫಿಕ್ಕಿನಲ್ಲಿ ಹುಡುಕುತ್ತ ಮಾಡಬೇಡಿ, ಕೊನೆಯ ರಾತ್ರಿಯ ಕ್ಯಾಂಪಿನಲ್ಲೇ ಮುಗಿಸಿ ಹೊರಡಿ.